ಇಸ್ಲಾಮೀ ಚಿನ್ನದ ನಾಣ್ಯಗಳು ಮತ್ತು ಅವುಗಳ ಸಂಗ್ರಹ: ಕುರನೂರ, ಅಕ್ಕಲಕೋಟ, ಸೊಲ್ಲಾಪುರ ಸೀಮೆ

ಕುರನೂರ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆ ಅಕ್ಕಲಕೋಟ ತಾಲೂಕಿನ ಊರು. ನಳದುರ್ಗದ ಕಡೆಯಿಂದ ಇಳಿದು ಬಂದು ಭೀಮೆಯನ್ನು ಸೇರುವ ಬೋರಿ ನದಿಗೆ ಇಲ್ಲಿ ಅಣೆಕಟ್ಟು ಕಟ್ಟಿದ್ದಾರೆ. ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ ಆಗಿರುವ ಈ ಸೀಮೆಯ ಪೂರ್ವಕ್ಕೆ ಕಲಬುರಗಿ, ಈಶಾನ್ಯಕ್ಕೆ ಬೀದರ, ನೈರುತ್ಯಕ್ಕೆ ವಿಜಯಪುರ, ವಾಯವ್ಯಕ್ಕೆ ಸೊಲ್ಲಾಪುರ. ಬಹಮನಿಗಳ ಎರಡು ರಾಜಧಾನಿ, ಆದಿಲಶಾಹಿಗಳ ಒಂದು ರಾಜಧಾನಿ, ಔರಂಗಜೇಬನ ಕಾಲದ ಒಂದು ಟಂಕಸಾಲೆ, ಎಲ್ಲವೂ ಸುತ್ತಲೇ ಇವೆ. ಅರಬ್ ದೇಶದಲ್ಲಿ ಹುಟ್ಟಿದ ಅಕ್ಷರಗಳ ನಾಣ್ಯ ಎಂಬ ಕಲ್ಪನೆ ಚಿನ್ನದ ರೂಪದಲ್ಲಿ ಕನ್ನಡ ನೆಲದೊಳಕ್ಕೆ ಬಂದು ನಿಂತದ್ದು ಈ ವಲಯದಲ್ಲಿ. ಹಾಗಿದ್ದೂ ಇಲ್ಲಿ ಅಚ್ಚಾದ ಚಿನ್ನದಲ್ಲಿ ಇಂದು ಉಳಿದಿರುವುದು ಅತ್ಯಲ್ಪ. ಇದರ ಸಂಗ್ರಹದ ಇತಿಹಾಸವೆಂದರೆ ಅಕ್ಕಸಾಲಿಗನ ಮೂಸೆಗೂ ಸಂಗ್ರಾಹಕನ ಪೆಟ್ಟಿಗೆಗೂ ನಡುವೆ ಆರು ಶತಮಾನ ನಡೆದ ಪೈಪೋಟಿ. ಹೆಚ್ಚು ಸಲ ಗೆದ್ದದ್ದು ಮೂಸೆ.

ಈ ನಾಣ್ಯಗಳ ಮೂಲ ಮಾದರಿ ಉಮಯ್ಯದ್ ಖಲೀಫ ಅಬ್ದುಲ್ ಮಲಿಕನ ದೀನಾರ. ಅದಕ್ಕೂ ಮೊದಲು ಅರಬರು ಬೈಜಾಂಟಿಯಂ ಚಕ್ರವರ್ತಿ ಹೆರಾಕ್ಲಿಯಸನ ಚಿನ್ನದ ನಾಣ್ಯವನ್ನೇ ಅಲ್ಪಸ್ವಲ್ಪ ತಿದ್ದಿ ಅಚ್ಚು ಹಾಕುತ್ತಿದ್ದರು. ಮುಂದೆ ಕೆಲ ವರ್ಷ ಕತ್ತಿ ಹಿಡಿದು ನಿಂತ ಖಲೀಫನ ಚಿತ್ರ ಬಂತು. ಹಿಜರಿ 77ರಲ್ಲಿ, ಅಂದರೆ ಕ್ರಿ.ಶ. 696–97ರಲ್ಲಿ, ಚಿತ್ರವನ್ನೆಲ್ಲ ಒರೆಸಿಹಾಕಿ ಬರಿಯ ಅಕ್ಷರಗಳ ದೀನಾರ ಹೊರಬಿತ್ತು. ತೂಕ 4.25 ಗ್ರಾಂ. ನಡುವೆ ಕಲಿಮಾ (ಇಸ್ಲಾಮಿನ ಶ್ರದ್ಧಾವಾಕ್ಯ) ಮತ್ತು ಕುರಾನಿನ ಮಾತು, ಸುತ್ತಂಚಿನಲ್ಲಿ ವೃತ್ತಾಕಾರವಾಗಿ ವರ್ಷ, ಅದೂ ಅಂಕಿಯಲ್ಲಿರದೆ ಅಕ್ಷರದಲ್ಲಿ. ಖಲೀಫನ ಹೆಸರಿಲ್ಲ, ಟಂಕಸಾಲೆಯ ಹೆಸರೂ ಇಲ್ಲ. ಸುಮಾರು ಒಂದು ಶತಮಾನದ ನಂತರ ಅಬ್ಬಾಸಿದರ ಕಾಲದಲ್ಲಿ ಊರಿನ ಹೆಸರು ಸೇರಿಕೊಂಡಿತು. ನಡುವೆ ಬರಹ, ಅಂಚಿನಲ್ಲಿ ಊರು ಮತ್ತು ವರ್ಷ ಎಂಬ ಈ ಅಚ್ಚುಕಟ್ಟು ಮುಂದೆ ಸ್ಪೇನಿನಿಂದ ಕಲಬುರಗಿಯವರೆಗೆ ಹರಡಿತು. ಸಂಗ್ರಾಹಕರಿಗೆ ಇದು ವರ. ರೋಮಿನ ನಾಣ್ಯದಲ್ಲಿ ಅನೇಕ ಸಲ ಕಾಲವನ್ನು ಊಹಿಸಬೇಕಾಗುತ್ತದೆ, ಚಾಲುಕ್ಯ ಗದ್ಯಾಣದಲ್ಲಿ ಎಷ್ಟೋ ಸಲ ಅರಸನನ್ನೇ ಊಹಿಸಬೇಕಾಗುತ್ತದೆ. ಇಲ್ಲಿ ನಾಣ್ಯವೇ ತನ್ನ ಹುಟ್ಟಿದ ವರ್ಷವನ್ನು ಹೇಳುತ್ತದೆ.

ಯುರೋಪಿನಲ್ಲಿ ಇವುಗಳನ್ನು ಶಿಸ್ತಿನಿಂದ ಕೂಡಿಸುವ ಕೆಲಸ 19ನೆಯ ಶತಮಾನದಲ್ಲಿ ಬಲಿಯಿತು. ವಿಲಿಯಂ ಮಾರ್ಸ್‌ಡನ್ 1823ರಿಂದ 1825ರ ನಡುವೆ ತನ್ನ ಸಂಗ್ರಹದ ಪೂರ್ವದೇಶದ ನಾಣ್ಯಗಳನ್ನು ವಿವರಿಸಿ ಪ್ರಕಟಿಸಿದ. ಬ್ರಿಟಿಷ್ ಮ್ಯೂಸಿಯಮ್ಮಿನ ಪೂರ್ವದೇಶದ ನಾಣ್ಯಗಳಿಗೆ ಸ್ಟ್ಯಾನ್ಲಿ ಲೇನ್‌ಪೂಲ್ 1875ರಿಂದ 1890ರವರೆಗೆ ಹತ್ತು ಸಂಪುಟಗಳ ಪಟ್ಟಿ ಮಾಡಿದ. ಇಂದು ಆರಂಭಕಾಲದ ದೀನಾರ ಶ್ರೀಮಂತರ ಆಟ. ಹಿಜಾಜಿನ ಗಣಿಯ ಹೆಸರು ಹೊತ್ತ ಹಿಜರಿ 105ರ (ಕ್ರಿ.ಶ. 723) ಒಂದು ದೀನಾರ 2011ರಲ್ಲಿ ಲಂಡನ್ನಿನ ಹರಾಜಿನಲ್ಲಿ 37 ಲಕ್ಷ 20 ಸಾವಿರ ಪೌಂಡಿಗೆ ಹೋಯಿತು. ಆ ಮಟ್ಟದ ಲೋಕದಿಂದ ಬೋರಿ ನದಿಯ ದಂಡೆ ಬಲು ದೂರ.

ಆದರೂ ಅರಬರಿಗೆ ಈ ನಾಡು ಅಪರಿಚಿತವಾಗಿರಲಿಲ್ಲ. ಕಲಬುರಗಿಗೆ ಸಮೀಪದ ಮಳಖೇಡದಿಂದ ಆಳಿದ ರಾಷ್ಟ್ರಕೂಟ ಅರಸನನ್ನು 9–10ನೆಯ ಶತಮಾನದ ಅರಬ್ ಲೇಖಕರು ‘ಬಲ್ಹರಾ’ ಎಂದು ಕರೆದು ಲೋಕದ ನಾಲ್ಕು ದೊಡ್ಡ ಅರಸರಲ್ಲಿ ಎಣಿಸಿದ್ದಾರೆ. ಅವನ ರಾಜ್ಯದಲ್ಲಿ ನಡೆಯುತ್ತಿದ್ದ ಬೆಳ್ಳಿಯ ದಿರಹಮ್ಮುಗಳ ತೂಕವನ್ನೂ ಬರೆದಿಟ್ಟಿದ್ದಾರೆ. ಕೊಂಕಣದ ಸಂಜಾಣ ಬಂದರಿನಲ್ಲಿ ರಾಷ್ಟ್ರಕೂಟರ ಕೈಕೆಳಗೆ ಒಬ್ಬ ಅರಬ್ ಮೂಲದ ಅಧಿಕಾರಿ ಆಡಳಿತ ನಡೆಸಿದ್ದನ್ನು ಚಿಂಚಣಿಯಲ್ಲಿ ಸಿಕ್ಕ ಕ್ರಿ.ಶ. 926ರ ತಾಮ್ರಪಟ ಹೇಳುತ್ತದೆ. ಕಡಲ ವ್ಯಾಪಾರದ ಬೆನ್ನು ಹತ್ತಿ ಪಶ್ಚಿಮದ ಚಿನ್ನವೂ ಬಂದಿತ್ತು ಎಂಬುದಕ್ಕೆ ದೊಡ್ಡ ಸಾಕ್ಷಿ ತುಸು ಈಚಿನದು: ಗುಜರಾತಿನ ಭರೂಚದಲ್ಲಿ ಸಿಕ್ಕ ನಿಧಿಯಲ್ಲಿ ಈಜಿಪ್ಟಿನ ಮಮ್ಲೂಕ್ ಸುಲ್ತಾನರ ದೀನಾರ, ದೆಹಲಿಯ ಟಂಕ, ವೆನಿಸಿನ ಡ್ಯೂಕಟ್ ಒಟ್ಟಿಗೇ ಇದ್ದವು. ಅದನ್ನು 1880ರ ದಶಕದ ಆರಂಭದಲ್ಲಿ ಓದಿ ಮುಂಬೈಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ ವೈದ್ಯ ಆಲಿವರ್ ಕಾಡ್ರಿಂಗ್ಟನ್. ಈ ಹೆಸರು ಮುಂದೆ ಮತ್ತೆ ಬರುತ್ತದೆ.

ಭೀಮೆಯ ಆಚೀಚೆಗೆ ಆ ಕಾಲದಲ್ಲಿ ನಡೆಯುತ್ತಿದ್ದ ಚಿನ್ನ ಗದ್ಯಾಣ, ಪಣ ಮತ್ತು ಯಾದವರ ಪದ್ಮಟಂಕ. ಪದ್ಮಟಂಕವೆಂದರೆ ನಡುವೆ ಕಮಲ ಒತ್ತಿದ, ಬಟ್ಟಲಿನಂತೆ ತುಸು ಬಾಗಿದ ನಾಣ್ಯ. 1296ರಲ್ಲಿ ಅಲಾವುದ್ದೀನ್ ಖಲ್ಜಿ ಯಾದವರ ರಾಜಧಾನಿ ದೇವಗಿರಿಯನ್ನು ದೋಚಿದ. 1318ರಲ್ಲಿ ಅವನ ಮಗ ಕುತ್ಬುದ್ದೀನ್ ಮುಬಾರಕ ಯಾದವ ರಾಜ್ಯವನ್ನೇ ಮುಗಿಸಿ, ದೇವಗಿರಿಗೆ ಕುತ್ಬಾಬಾದ್ ಎಂದು ತನ್ನ ಹೆಸರಿಟ್ಟು ಅಲ್ಲಿಯೇ ಚಿನ್ನದ ಟಂಕ ಅಚ್ಚು ಹಾಕಿಸಿದ. ದಖ್ಖನದ ಚಿನ್ನ ದಖ್ಖನದಲ್ಲೇ ಅರಬೀ ಅಕ್ಷರ ತೊಟ್ಟ ಆರಂಭದ ಘಟ್ಟ ಇದು. ಕಮಲಗಳು ಕರಗಿ ಟಂಕಗಳಾದವು ಎಂದರೆ ಅತಿಶಯವಾಗದು. ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್ 1327ರ ಸುಮಾರಿಗೆ ದೇವಗಿರಿಯನ್ನು ದೌಲತಾಬಾದ್ ಎಂದು ಕರೆದು ರಾಜಧಾನಿ ಮಾಡಿದಾಗ ದಕ್ಷಿಣದ ಚಿನ್ನ ಎಷ್ಟು ಸೇರಿತ್ತೆಂದರೆ, ಹಳೆಯ ಟಂಕಕ್ಕಿಂತ ಭಾರವಾದ ಸುಮಾರು 12.9 ಗ್ರಾಮಿನ ದೀನಾರವನ್ನೇ ಅವನು ಹೊರಡಿಸಿದ. ಅವನ ನಾಣ್ಯಗಳ ಅಂದಕ್ಕೆ ಮಾರುಹೋದ ನಾಣ್ಯಶಾಸ್ತ್ರಜ್ಞ ಎಡ್ವರ್ಡ್ ಥಾಮಸ್ ಅವನನ್ನು ಟಂಕಸಾಲೆಗಾರರ ರಾಜಕುಮಾರನೆಂದು ಹೊಗಳಿದ್ದಾನೆ. ಆ ಹೊಗಳಿಕೆ ಸಲ್ಲತಕ್ಕದ್ದೇ. ಕೊನೆಗಾಲದಲ್ಲಿ ಈ ಸುಲ್ತಾನ ತನ್ನ ಹೆಸರನ್ನು ತೆಗೆದು, ಕೈರೋದಲ್ಲಿದ್ದ ಅಬ್ಬಾಸಿದ್ ಖಲೀಫನ ಹೆಸರಿನಲ್ಲಿ ಚಿನ್ನ ಅಚ್ಚು ಹಾಕಿಸಿದ. ಬಾಗ್ದಾದಿನಲ್ಲಿ ಮುರಿದುಬಿದ್ದ ಮನೆತನದ ಹೆಸರು ಹೀಗೆ ಹಿಂದುಸ್ಥಾನದ ಟಂಕದ ಮೇಲೆ ಮತ್ತೆ ಕಾಣಿಸಿತು.

1347ರಲ್ಲಿ ದೌಲತಾಬಾದಿನ ಬಂಡಾಯದಿಂದ ಬಹಮನಿ ರಾಜ್ಯ ಹುಟ್ಟಿತು. ಕಲಬುರಗಿ ಅಹಸನಾಬಾದ್ ಎಂಬ ಹೆಸರಿನ ರಾಜಧಾನಿಯಾಯಿತು, ಅಕ್ಕಲಕೋಟ ಸೀಮೆ ಅದರ ಹಿತ್ತಿಲಾಯಿತು. ಎರಡನೆಯ ಸುಲ್ತಾನ ಮುಹಮ್ಮದ್ ಶಾಹನ (1358–1375) ಕಾಲದಲ್ಲಿ ನಡೆದ ಒಂದು ಪ್ರಸಂಗ ಈ ಲೇಖನದ ವಿಷಯಕ್ಕೆ ಕೇಂದ್ರವಾದದ್ದು. ಬಿಜಾಪುರದಲ್ಲಿ ಕುಳಿತು ದಖ್ಖನದ ಇತಿಹಾಸ ಬರೆದ ಫಿರಿಸ್ತಾ ಅದನ್ನು ಹೇಳಿದ್ದಾನೆ. ಮುಹಮ್ಮದ್ ಶಾಹ ಚಿನ್ನದ ನಾಣ್ಯ ಹೊರಡಿಸಿದ. ವಿಜಯನಗರ ಮತ್ತು ತೆಲಂಗಾಣದ ಅರಸರ ಕುಮ್ಮಕ್ಕಿನಿಂದ ದಖ್ಖನದ ಸರಾಫರು ಅದು ಕೈಗೆ ಬಂದ ಕೂಡಲೇ ಕರಗಿಸುತ್ತ ಹೋದರು. ಪೇಟೆಯಲ್ಲಿ ಹೊನ್ನು ಮತ್ತು ಪ್ರತಾಪ ಎಂಬ ನಾಡಿನ ಹಳೆಯ ನಾಣ್ಯಗಳೇ ನಡೆಯಬೇಕು ಎಂಬುದು ಅವರ ಉದ್ದೇಶ. ಸುಲ್ತಾನ ಮೊದಲು ಎಚ್ಚರಿಸಿದ, ಫಲ ಕಾಣಲಿಲ್ಲ. 1360ರ ಸುಮಾರಿಗೆ ರಾಜ್ಯದ ಸರಾಫರನ್ನು ಒಟ್ಟಿಗೆ ಕೊಲ್ಲಿಸಿ, ಉತ್ತರದಿಂದ ಬಂದಿದ್ದ ಖತ್ರಿಗಳಿಗೆ ಚಿನಿವಾರಿಕೆಯನ್ನು ಒಪ್ಪಿಸಿದ. ಹಳೆಯ ಸರಾಫರ ವಂಶದವರು ಆ ಕಸುಬಿಗೆ ಮರಳಿದ್ದು ಫಿರೋಜ್ ಶಾಹನ ಕಾಲಕ್ಕೆ, ಹಣ ತೆತ್ತು.

ಫಿರಿಸ್ತಾ ಇದನ್ನು ಬರೆದದ್ದು ಘಟನೆಯಾಗಿ ಹೆಚ್ಚುಕಡಿಮೆ ಎರಡೂವರೆ ಶತಮಾನ ಕಳೆದ ಮೇಲೆ. ಎಷ್ಟು ಜನ ಸತ್ತರು, ಅರಸರ ಕುಮ್ಮಕ್ಕು ಎಷ್ಟಿತ್ತು ಎಂಬುದನ್ನು ಅವನ ಮಾತಿನ ಮೇಲೆಯೇ ನಂಬುವುದು ಕಷ್ಟ. ಆದರೆ ಕಥೆಯ ತಿರುಳು ಸುಳ್ಳಾಗಿರಲಾರದು, ಏಕೆಂದರೆ ಸರಾಫನ ಲೆಕ್ಕ ನೇರವಾದದ್ದು. ಟಂಕ ಸುಮಾರು 11 ಗ್ರಾಮಿನ ಅಗಲ ನಾಣ್ಯ. ಹೊನ್ನು ಸುಮಾರು 3.4 ಗ್ರಾಮಿನ ಪುಟ್ಟ ಗುಂಡು. ತುಂಗಭದ್ರೆಯ ಆಚೆಗೂ ನಡೆಯುವ, ರೈತನೂ ದೇಗುಲವೂ ಗುರುತು ಹಿಡಿಯುವ ಹೊನ್ನಿನ ಮುಂದೆ ಅರಸನ ಹೆಮ್ಮೆಗೆಂದು ಅಚ್ಚಾದ ಟಂಕಕ್ಕೆ ಪೇಟೆಯಲ್ಲಿ ಕೆಲಸ ಕಡಿಮೆ. ಕರಗಿಸಿದರೆ ಅದೇ ಚಿನ್ನಕ್ಕೆ ನಾಲ್ಕು ಕಡೆ ಗಿರಾಕಿ. ಇಂದು ಮುಹಮ್ಮದ್ ಶಾಹನ ಚಿನ್ನ ದುರ್ಲಭವಾಗಿರುವುದಕ್ಕೆ ಆ ಮೂಸೆಗಳಿಗಿಂತ ಬೇರೆ ಕಾರಣ ಹುಡುಕಬೇಕಿಲ್ಲ.

ಉಳಿದ ಟಂಕವೊಂದನ್ನು ಹತ್ತಿರದಿಂದ ನೋಡಿದರೆ ಫಿರಿಸ್ತಾನನ್ನು ತಿದ್ದಲೂ ಬರುತ್ತದೆ. ನಾಣ್ಯದ ಒಂದು ಬದಿಗೆ ಕಲಿಮಾ ಮತ್ತು ಮೊದಲ ನಾಲ್ವರು ಖಲೀಫರ ಹೆಸರು ಇದ್ದವೆಂದು ಅವನ ವಿವರಣೆ. ಇಂದು ಗೊತ್ತಿರುವ ಮುಹಮ್ಮದ್ ಶಾಹನ ಟಂಕಗಳ ಮೇಲಿರುವುದು ಬೇರೆ: ಒಂದು ಬದಿಗೆ ‘ಸುಲ್ತಾನುಲ್ ಅಹದ್ ವಜ್ಜಮಾನ್, ಹಾಮೀ ಮಿಲ್ಲತಿ ರಸೂಲಿರ್ರಹಮಾನ್’, ಅಂದರೆ ಯುಗದ ಸುಲ್ತಾನ, ದೇವದೂತನ ಸಮುದಾಯದ ರಕ್ಷಕ ಎಂಬ ಬಿರುದು, ಇನ್ನೊಂದು ಬದಿಗೆ ಮುಹಮ್ಮದ್ ಶಾಹ ಬಿನ್ ಬಹಮನ್ ಶಾಹ ಎಂಬ ಹೆಸರು, ಅಂಚಿನಲ್ಲಿ ಅಹಸನಾಬಾದಿನ ಟಂಕಸಾಲೆ ಮತ್ತು ಅಂಕಿಯಲ್ಲಿ ಹಿಜರಿ ವರ್ಷ. ಅಚ್ಚು ನಾಣ್ಯಕ್ಕಿಂತ ದೊಡ್ಡದಾಗಿರುತ್ತಿದ್ದುದರಿಂದ ಅಂಚಿನ ಬರಹ ಅನೇಕ ಸಲ ಅರ್ಧ ಹೊರಗೇ ಉಳಿದುಬಿಡುತ್ತದೆ. ಊರು, ವರ್ಷ ಎರಡೂ ಪೂರ್ತಿ ಕಾಣುವ ಪ್ರತಿಗೆ ಸಂಗ್ರಾಹಕರು ಹಂಬಲಿಸುವುದು ಇದಕ್ಕೇ. ವರ್ಷವನ್ನು ಪರಿವರ್ತಿಸಲು ಅವರು ಬಳಸುವ ಲೆಕ್ಕ ಸರಳ: ಹಿಜರಿಯನ್ನು 0.97ರಿಂದ ಗುಣಿಸಿ 622 ಕೂಡಿದರೆ ಕ್ರಿಸ್ತಶಕ ಹತ್ತಿರಹತ್ತಿರ ಸಿಗುತ್ತದೆ.

ಫಿರೋಜ್ ಶಾಹನ (1397–1422) ಚಿನ್ನ ಹೋಲಿಕೆಯಲ್ಲಿ ಹೆಚ್ಚು ಸಿಗುತ್ತದೆ. ರಾಜಧಾನಿ ಬೀದರಕ್ಕೆ ಹೋದ ಮೇಲೆ ನಾಣ್ಯದ ಮೇಲಿನ ಊರೂ ಬದಲಾಗಿ ಮುಹಮ್ಮದಾಬಾದ್ ಆಯಿತು. ಬಹಮನಿ ರಾಜ್ಯ ಒಡೆದ ನಂತರದ ಕಥೆ ಸೊಲ್ಲಾಪುರದ ಮಟ್ಟಿಗೆ ಕೋಟೆಯ ಕಥೆ. ಬಿಜಾಪುರ ಮತ್ತು ಅಹಮದನಗರಗಳ ನಡುವೆ ಈ ಕೋಟೆ ಮದುವೆಯ ವರದಕ್ಷಿಣೆಯಾಗಿ ಮಾತುಕತೆಗೆ ಬರುತ್ತಲೇ ಇತ್ತು. ಕೊನೆಗೆ ಚಾಂದಬೀಬಿ ಅಲಿ ಆದಿಲ್ ಶಾಹನನ್ನು ಮದುವೆಯಾದಾಗ ಅವಳೊಂದಿಗೆ ಬಿಜಾಪುರಕ್ಕೆ ಬಂತು. ಎರಡನೆಯ ಇಬ್ರಾಹಿಂ ಆದಿಲ್ ಶಾಹ ಕುರನೂರಿಗೆ ಮೇಲಣ ನಳದುರ್ಗದಲ್ಲಿ ಇದೇ ಬೋರಿ ನದಿಗೆ 1613ರಲ್ಲಿ ಕಟ್ಟೆ ಕಟ್ಟಿಸಿ, ಅದರ ಒಡಲಲ್ಲೇ ಪಾನಿಮಹಲ್ ಮಾಡಿಸಿದ. ಇಷ್ಟು ಸಿರಿವಂತರಾಗಿದ್ದ ಆದಿಲಶಾಹಿಗಳ ಹೆಸರು ಹೊತ್ತ ಚಿನ್ನದ ನಾಣ್ಯ ಬಲು ಅಪರೂಪ. ಅವರು ತಾಮ್ರವನ್ನು ಧಾರಾಳವಾಗಿ ಅಚ್ಚು ಹಾಕಿದರು, ತಂತಿ ಬಗ್ಗಿಸಿದಂತಿರುವ ಬೆಳ್ಳಿಯ ಲಾರಿಗಳನ್ನು ಹೊರಡಿಸಿದರು, ಚಿನ್ನದಲ್ಲಿ ಮಾತ್ರ ನಾಡಿನ ಹೊನ್ನನ್ನೇ ನಡೆಯಲು ಬಿಟ್ಟರು. 1360ರಲ್ಲಿ ಕತ್ತಿಯಿಂದ ಗೆಲ್ಲಲಾಗದ ವಾದವನ್ನು ಬಿಜಾಪುರ ವಿವೇಕದಿಂದ ಒಪ್ಪಿಕೊಂಡಿತೆಂದು ಈ ಲೇಖಕನ ಅಭಿಪ್ರಾಯ.

1668ರಲ್ಲಿ ಸೊಲ್ಲಾಪುರ ಕೋಟೆ ಮೊಗಲರಿಗೆ ಹೋಯಿತು. ಬಿಜಾಪುರದ ಮುತ್ತಿಗೆಗೆಂದು ಔರಂಗಜೇಬ 1685ರಲ್ಲಿ ಸೊಲ್ಲಾಪುರಕ್ಕೆ ಬಂದು ಬೀಡು ಬಿಟ್ಟ. 1686ರ ಸೆಪ್ಟೆಂಬರಿನಲ್ಲಿ ಬಿಜಾಪುರ ಬಿತ್ತು. ಹತ್ತು ವರ್ಷದ ನಂತರವೂ ಅವನ ದಂಡು ಮಂಗಳವೇಢೆಯ ಹತ್ತಿರದ ಬ್ರಹ್ಮಪುರಿಯಲ್ಲಿ, ಭೀಮೆಯ ದಂಡೆಯ ಮೇಲೆ, 1695ರಿಂದ 1699ರವರೆಗೆ ನೆಲೆ ನಿಂತಿತ್ತು. ದಂಡಿದ್ದಲ್ಲಿ ಸಂಬಳ, ಸಂಬಳವಿದ್ದಲ್ಲಿ ಟಂಕಸಾಲೆ. ‘ಜರ್ಬ್ ಶೋಲಾಪುರ’ ಎಂಬ ಮುದ್ರೆಯ ಬೆಳ್ಳಿ ರೂಪಾಯಿ ಮತ್ತು ಚಿನ್ನದ ಮೊಹರು ಅಚ್ಚಾದದ್ದು ಈ ಹೊತ್ತಿನಲ್ಲಿ. ಈ ಸೀಮೆಯ ಸ್ವಂತ ಊರಿನ ಹೆಸರು ಇಸ್ಲಾಮೀ ಚಿನ್ನದ ಮೇಲೆ ಕಾಣುವುದು ಇಲ್ಲಿಯೇ. ಮೊಹರಿನ ತೂಕ 11 ಗ್ರಾಮಿಗೆ ತುಸು ಕಡಿಮೆ. ಬೇರೆ ಮತದವರ ಕೈಯಲ್ಲಿ ಹೊಲೆಯಾಗಬಾರದೆಂದು ಔರಂಗಜೇಬ ಪಟ್ಟಕ್ಕೆ ಬಂದಾಗಲೇ ಕಲಿಮಾವನ್ನು ನಾಣ್ಯದಿಂದ ತೆಗೆಸಿದ್ದ. ಅದರ ಜಾಗದಲ್ಲಿ ಒಂದು ಫಾರಸಿ ದ್ವಿಪದಿ ಬಂತು. ಅದರಲ್ಲೊಂದು ಸೊಗಸಾದ ನಾಜೂಕಿದೆ: ಬೆಳ್ಳಿಯ ಮೇಲೆ ಅರಸನ ಮುದ್ರೆಯನ್ನು ಹುಣ್ಣಿಮೆಯ ಚಂದ್ರನಿಗೆ ಹೋಲಿಸಿದರೆ, ಚಿನ್ನದ ಮೇಲೆ ಅದೇ ಸಾಲಿನಲ್ಲಿ ಚಂದ್ರನ ಬದಲು ಸೂರ್ಯ. ಸೊಲ್ಲಾಪುರದ ಮೊಹರೊಂದನ್ನು ಕೈಯಲ್ಲಿ ಹಿಡಿದವರು ಮೊದಲು ಹುಡುಕಬೇಕಾದ ಮಾತು ‘ಮಿಹರ್’, ಅಂದರೆ ಸೂರ್ಯ. ಚಿನ್ನದ ಮೇಲೆ ‘ಬದರ್’ (ಹುಣ್ಣಿಮೆಯ ಚಂದ್ರ) ಎಂದಿದ್ದರೆ ಬೆಳ್ಳಿಯ ಅಚ್ಚನ್ನು ನಕಲು ಮಾಡಿದ ಖೋಟಾ ಎಂಬ ಶಂಕೆ ಸಹಜ.

ಇನ್ನು ಕೂಡಿಡುವಿಕೆಯ ಇತಿಹಾಸ. ಇಲ್ಲಿನ ಮನೆಗಳಲ್ಲಿ ಹಳೆಯ ಚಿನ್ನ ಉಳಿದದ್ದು ಎರಡು ಕಾರಣಕ್ಕೆ. ಒಂದು, ದೇವರ ಜಗುಲಿ: ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ಇಡುವ ಹಳೆಯ ನಾಣ್ಯಗಳ ಜೊತೆ ಫಾರಸಿ ಬರಹದ ಮೊಹರೂ ಅರಿಸಿನ ಕುಂಕುಮ ಕಂಡದ್ದುಂಟು. ಇನ್ನೊಂದು, ಹೆಣ್ಣುಮಕ್ಕಳ ಕೊರಳು: ಪುತಳಿ ಸರದ ಹೆಸರೇ ವೆನಿಸಿನ ಡ್ಯೂಕಟ್ಟಿನ ಮೇಲಿದ್ದ ಬೊಂಬೆಯಂಥ ಆಕೃತಿಗಳಿಂದ ಬಂದದ್ದು, ನಾಣ್ಯಕ್ಕೆ ಕೊಂಡಿ ಬೆಸೆದು ಸರ ಮಾಡುವ ರೂಢಿ ಇಲ್ಲಿ ಹಳೆಯದು. ಹೆಸರಿಗಾಗಿ ಕೂಡಿಸಿಟ್ಟವರು ಇವರು ಯಾರೂ ಅಲ್ಲ. ಆದರೂ ಮೂಸೆಯಿಂದ ಚಿನ್ನವನ್ನು ತಪ್ಪಿಸಿದ ಮೊದಲ ಸಂಗ್ರಾಹಕರು ಈ ಹೆಂಗಸರೇ.

ವಿದ್ವತ್ತಿನ ಸಂಗ್ರಹ ಬ್ರಿಟಿಷರ ಕಾಲದ್ದು. ಜೇಮ್ಸ್ ಗಿಬ್ಸ್ 1881ರಲ್ಲಿ ಬಹಮನಿಗಳ ಚಿನ್ನ ಬೆಳ್ಳಿಯ ಬಗ್ಗೆ ಲಂಡನ್ನಿನ ನ್ಯೂಮಿಸ್ಮ್ಯಾಟಿಕ್ ಕ್ರಾನಿಕಲ್ ಪತ್ರಿಕೆಯಲ್ಲಿ ಬರೆದ. ಭರೂಚದ ನಿಧಿಯನ್ನು ಓದಿದ್ದ ಕಾಡ್ರಿಂಗ್ಟನ್ ಅದೇ ಪತ್ರಿಕೆಯಲ್ಲಿ 1898ರಲ್ಲಿ ಆ ಕೆಲಸವನ್ನು ಬಹಳಷ್ಟು ಮುಂದಕ್ಕೆ ಒಯ್ದ. 1904ರಲ್ಲಿ ಅವನ ಮುಸಲ್ಮಾನ ನಾಣ್ಯಶಾಸ್ತ್ರದ ಕೈಪಿಡಿ ಬಂತು. ಬಿಜಾಪುರದ ಲಾರಿಗಳನ್ನು ಅಹಮದಾಬಾದಿನ ಪಾದ್ರಿ ಜಿ. ಪಿ. ಟೇಲರ್ 1910ರಲ್ಲಿ ವಿವರಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಅಲಹಾಬಾದಿನಲ್ಲಿ ಭಾರತೀಯ ನಾಣ್ಯಶಾಸ್ತ್ರ ಪರಿಷತ್ತು ಹುಟ್ಟಿದಾಗ ಸೇರಿದ ಆರು ಮಂದಿಯಲ್ಲಿ ಟೇಲರ್ ಒಬ್ಬರು. ಉಳಿದ ಬ್ರಿಟಿಷರ ನಡುವೆ ಒಬ್ಬನೇ ಭಾರತೀಯ, ಮುಂಬೈಯ ಸಂಗ್ರಾಹಕ ಫ್ರಾಮ್ಜಿ ಠಾಣಾವಾಲಾ.

ನೆಲದಿಂದ ಎದ್ದ ನಿಧಿಗಳ ಗತಿಯನ್ನು 1878ರ ನಿಧಿ ಕಾಯದೆ ನಿರ್ಧರಿಸುತ್ತದೆ. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕವರು ಜಿಲ್ಲಾಧಿಕಾರಿಗೆ ತಿಳಿಸಬೇಕು. ವಾರಸುದಾರರಿಲ್ಲದಿದ್ದರೆ, ಬೇರೆ ಒಪ್ಪಂದವೂ ಇಲ್ಲದಿದ್ದರೆ, ಮುಕ್ಕಾಲು ಪಾಲು ಸಿಕ್ಕವನಿಗೆ, ಉಳಿದದ್ದು ನೆಲದ ಒಡೆಯನಿಗೆ. ಸರಕಾರಕ್ಕೆ ಬೇಕೆನಿಸಿದರೆ ಲೋಹದ ಬೆಲೆಯ ಮೇಲೆ ಐದನೆಯ ಒಂದು ಭಾಗ ಕೂಡಿಸಿ ಕೊಟ್ಟು ಪಡೆಯಬಹುದು. ಲೋಹದ ಬೆಲೆಯ ಲೆಕ್ಕವೇ ಈ ಕಾಯದೆಯ ದೊಡ್ಡ ಕೊರತೆ. ಅಪರೂಪದ ಟಂಕಕ್ಕೂ ಮುರಿದ ಬಳೆಗೂ ಒಂದೇ ತಕ್ಕಡಿ ಎಂದರೆ, ಹೊಲದಲ್ಲಿ ಕೊಪ್ಪರಿಗೆ ಸಿಕ್ಕ ಒಕ್ಕಲಿಗ ಕಚೇರಿಗೆ ಹೋಗದೆ ಪತ್ತಾರನ ಅಂಗಡಿಗೆ ಹೋದರೆ ಆಶ್ಚರ್ಯವೇನು?

ಕಚೇರಿಗೆ ಬಂದ ನಾಣ್ಯಗಳೂ ಈ ಸೀಮೆಯಲ್ಲಿ ನಿಲ್ಲಲಿಲ್ಲ. ಆಗ ಸೊಲ್ಲಾಪುರ ಮುಂಬೈ ಇಲಾಖೆಯ ಜಿಲ್ಲೆ, ಅಕ್ಕಲಕೋಟ ಭೋಸಲೆ ಮನೆತನದ ಸಂಸ್ಥಾನ, ಕಲಬುರಗಿ ಬೀದರಗಳು ನಿಜಾಮನ ಕೈಯಲ್ಲಿ. ಮುಂಬೈ ಇಲಾಖೆಯ ನಿಧಿಗಳು ಮುಂಬೈಗೆ ಹೋದವು. ನಿಜಾಮನ ಸೀಮೆಯವು 1914ರಲ್ಲಿ ಗುಲಾಮ್ ಯಜ್ದಾನಿಯವರ ಕೈಕೆಳಗೆ ಆರಂಭವಾದ ಪುರಾತತ್ತ್ವ ಇಲಾಖೆಯ ಮೂಲಕ ಹೈದರಾಬಾದಿಗೆ ಹೋದವು. ಬಹಮನಿ ನಾಣ್ಯಗಳ ಒಳ್ಳೆಯ ಪಟ್ಟಿಗಳಲ್ಲೊಂದು, ಅಬ್ದುಲ್ ವಲೀಖಾನರದು, 1964ರಲ್ಲಿ ಹೊರಬಂದದ್ದು ಆಂಧ್ರಪ್ರದೇಶ ಸರಕಾರದ ಮ್ಯೂಸಿಯಮ್ಮಿನಿಂದ ಎಂಬುದು ಇದಕ್ಕೇ. 1956ರಲ್ಲಿ ಕಲಬುರಗಿ ಕನ್ನಡ ರಾಜ್ಯಕ್ಕೆ ಬಂತು, ಅಕ್ಕಲಕೋಟ ಮರಾಠಿ ಕಡೆಗೆ ಉಳಿಯಿತು, ಟಂಕಗಳು ಹೈದರಾಬಾದಿನಲ್ಲಿದ್ದವು. ಅಹಸನಾಬಾದಿನ ಚಿನ್ನವನ್ನು ಅಹಸನಾಬಾದಿನವರು ನೋಡಲು ರೈಲು ಹತ್ತಬೇಕಾಗಿ ಬಂದದ್ದು ನೋವಿನ ಸಂಗತಿಯೇ. ಕರ್ನಾಟಕದ ನಾಣ್ಯಗಳನ್ನು ಒಂದೆಡೆ ತಂದು ಓದಿಸಿದ ಕೀರ್ತಿ ಮೈಸೂರಿನ ಎ. ವಿ. ನರಸಿಂಹಮೂರ್ತಿಯವರದು.

ಈ ನಡುವೆ ಮೂಸೆ ಸುಮ್ಮನಿರಲಿಲ್ಲ. 1931ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಚಿನ್ನದ ಪ್ರಮಾಣ ಬಿಟ್ಟಾಗ ಚಿನ್ನದ ಬೆಲೆ ಏರಿತು. ಕೃಷಿಯ ಬೆಲೆ ನೆಲಕಚ್ಚಿದ್ದ ಹೊತ್ತಿನಲ್ಲಿ ದೇಶದ ಹಳ್ಳಿಗಳಿಂದ ಒಡವೆಗಳು ಕರಗಿ ಗಟ್ಟಿಗಳಾಗಿ ಮುಂಬೈ ಬಂದರಿನಿಂದ ಹಡಗು ಹತ್ತಿದವು. ಪುತಳಿ, ಮೊಹರು, ವರಹಗಳೂ ಆ ಹೊಳೆಯಲ್ಲಿ ಸೇರಿ ಹೋದವು. 1963ರ ಚಿನ್ನ ನಿಯಂತ್ರಣ ನಿಯಮ, 1968ರ ಕಾಯದೆಗಳಿಂದ ಚಿನ್ನ ಇಟ್ಟುಕೊಂಡವರಲ್ಲಿ ಭಯ ಹೊಕ್ಕಿತು. ಆ ಕಾಯದೆ ರದ್ದಾದದ್ದು 1990ರಲ್ಲಿ. ನೂರು ವರ್ಷ ದಾಟಿದ ನಾಣ್ಯಗಳನ್ನು 1972ರ ಪುರಾವಸ್ತು ಕಾಯದೆ ದೇಶದಾಚೆಗೆ ಒಯ್ಯಗೊಡದು, ವ್ಯಾಪಾರಕ್ಕೆ ಪರವಾನಗಿ ಬೇಕು.

ನಾಸಿಕದ ಬಳಿಯ ಆಂಜನೇರಿಯಲ್ಲಿ ನಾಣ್ಯ ಸಂಶೋಧನ ಸಂಸ್ಥೆ ಬಂದದ್ದು, ಇಂಗ್ಲೆಂಡಿನಲ್ಲಿ 1970ರಲ್ಲಿ ಓರಿಯಂಟಲ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿ ಕಟ್ಟಿದ್ದು, 2001ರಲ್ಲಿ ಸ್ಟ್ಯಾನ್ ಗೋರಾನ್ ಮತ್ತು ಜೆ. ಪಿ. ಗೋಯೆಂಕಾ ಭಾರತದ ಸುಲ್ತಾನರ ನಾಣ್ಯಗಳನ್ನೆಲ್ಲ ಒಂದೇ ಪುಸ್ತಕಕ್ಕೆ ತಂದದ್ದು, ಇವೆಲ್ಲದರಿಂದ ಸಾಮಾನ್ಯ ಸಂಗ್ರಾಹಕನೂ ತನ್ನ ಕೈಯ ನಾಣ್ಯವನ್ನು ಗುರುತಿಸಬಲ್ಲವನಾದ. ಅದರ ಜೊತೆಗೆ ಖೋಟಾ ಮಾಡುವವರ ಕೈಗೂ ಒಳ್ಳೆಯ ಚಿತ್ರಗಳು ಸಿಕ್ಕವು. ಅಚ್ಚಿನೇಟು ಬಿದ್ದ ನಾಣ್ಯದಲ್ಲಿ ಅಕ್ಷರದ ಅಂಚು ಚೂಪಾಗಿರುತ್ತದೆ, ಎರಕ ಹೊಯ್ದದ್ದರಲ್ಲಿ ಮೊಂಡಾಗಿ ಮೇಲ್ಮೈಯಲ್ಲಿ ಸಣ್ಣ ಗುಳಿಗಳು ಕಾಣುತ್ತವೆ. ತೂಕ ಮತ್ತು ಸಾಂದ್ರತೆ ನೋಡದೆ ಚಿನ್ನ ಕೊಳ್ಳಬಾರದೆಂಬುದು ಬಲ್ಲವರ ಮಾತು.

ಸೊಲ್ಲಾಪುರದ ಮೊಹರುಗಳಲ್ಲಿಯೂ ಸುಲ್ತಾನರ ಟಂಕಗಳಲ್ಲಿಯೂ ಕೊಂಡಿ ಬೆಸೆದ ಗುರುತಿನವು ಇವೆ. ಹರಾಜಿನ ಪಟ್ಟಿಗಳು ಅದನ್ನು ಕುಂದೆಂದು ಬರೆದು ಬೆಲೆ ಇಳಿಸುತ್ತವೆ. ಅದಕ್ಕೇ ಕೆಲವರು ಕೊಂಡಿ ಕಿತ್ತು, ಬೆಸುಗೆಯ ಜಾಗವನ್ನು ಅರದಿಂದ ತಿಕ್ಕಿ, ನಾಣ್ಯವನ್ನು ಹೊಸದರಂತೆ ಹೊಳೆಯಿಸಿ ಮಾರುತ್ತಾರೆ. ತಿಕ್ಕಿದಾಗ ಅಂಚಿನ ಬರಹದ ಒಂದೆರಡು ಅಕ್ಷರ ಹೋಗುತ್ತವೆ, ಎಷ್ಟೋ ಸಲ ವರ್ಷದ ಅಂಕಿಯೇ ಹೋಗುತ್ತದೆ. ಆ ನಾಣ್ಯ ಯಾವ ಸರದಲ್ಲಿತ್ತು, ಎಷ್ಟು ತಲೆಮಾರು ಸವೆಯಿತು ಎಂಬ ಸುಳಿವೂ ಅದರೊಂದಿಗೆ ಅಳಿಯುತ್ತದೆ. ಇಂಥ ನಾಣ್ಯ ಕೈಗೆ ಬಂದವರು ಅದನ್ನು ಉಜ್ಜದೆ, ಕೊಂಡಿ ತೆಗೆಯದೆ, ತೂಗಿ, ಎರಡೂ ಬದಿಯ ಚಿತ್ರ ತೆಗೆದು, ಯಾವ ಊರಿನಿಂದ ಬಂತೆಂದು ಚೀಟಿ ಬರೆದಿಡಬೇಕು. ಕುರನೂರ, ಅಕ್ಕಲಕೋಟ, ಮೈಂದರಗಿ, ದುಧನಿಗಳಂಥ ಈ ಸೀಮೆಯ ಊರುಗಳ ಹೆಸರು ಆ ಚೀಟಿಗಳ ಮೇಲೆ ಬಂದಾಗ ಮಾತ್ರ ಕಲಬುರಗಿಯ ಟಂಕವೂ ಸೊಲ್ಲಾಪುರದ ಮೊಹರೂ ಎಷ್ಟು ದೂರ ನಡೆದವೆಂದು ನಕ್ಷೆಯ ಮೇಲೆ ಗುರುತು ಹಾಕಲು ಬರುತ್ತದೆ.